ಪವರ್ ಸ್ಟೇರಿಂಗ್ ಪಂಪ್ ಮರುಜೋಡಣೆ: ಮಾಡಬೇಕಾದ್ದು, ಮಾಡಬಾರದ್ದು

ಪಂಪ್ ಬಿಚ್ಚಿ ಕಟ್ಟುವ ಎಲ್ಲರಿಗೂ ಈ ಸೂಚನೆ. ಹಳಬರು, ಹೊಸಬರು ಎಂಬ ಭೇದವಿಲ್ಲ. ಕ್ವಾಲಿಸ್, ಹಳೆಯ ಇನ್ನೋವಾ, ಬೊಲೆರೊ, ಸುಮೊ ಮುಂತಾದ ಹೈಡ್ರಾಲಿಕ್ ಸ್ಟೇರಿಂಗ್ ಗಾಡಿಗಳಲ್ಲಿ ಬೆಲ್ಟಿನಿಂದ ತಿರುಗುವ ವೇನ್ ಪಂಪಿಗೆ ಇದು ಅನ್ವಯ. ಬರೀ ಮೋಟಾರಿನಿಂದ ನಡೆಯುವ ಎಲೆಕ್ಟ್ರಿಕ್ ಸ್ಟೇರಿಂಗಿನಲ್ಲಿ ಈ ಪಂಪೇ ಇರುವುದಿಲ್ಲ.

ಪಂಪಿನ ರೋಟರಿಗೂ ಪಕ್ಕದ ಪ್ಲೇಟಿಗೂ ನಡುವಿನ ಸಂದು ತಲೆಗೂದಲಿಗಿಂತ ಕಿರಿದು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಹಿಡಿದರೆ ಒಳಗಿನ ಒತ್ತಡ ಅನೇಕ ಗಾಡಿಗಳಲ್ಲಿ 70 ಬಾರ್ ದಾಟುತ್ತದೆ. ಅಷ್ಟು ಕಿರಿದಾದ ಸಂದಿನಲ್ಲಿ, ಅಷ್ಟು ಒತ್ತಡದಲ್ಲಿ ಒಂದು ಮರಳಿನ ಕಣ ಸಿಕ್ಕರೂ ಗೀರು ಬೀಳುತ್ತದೆ. ಕಟ್ಟಿದ ಪಂಪ್ ಬೇಗ ಕೆಡುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಕೊಳೆ, ತಿರುವುಮುರುವಾದ ಭಾಗ, ಒಳಗೆ ಉಳಿದ ಗಾಳಿ. ಕೆಳಗಿನ ನಿಯಮಗಳೆಲ್ಲ ಈ ಮೂರನ್ನು ತಡೆಯಲಿಕ್ಕೇ ಇರುವುದು.

ಕಟ್ಟಲು ಕೂರುವ ಮುನ್ನ: ಮಾಡಬೇಕಾದ್ದು

1. ಬಿಚ್ಚುವಾಗಲೇ ಫೋಟೊ ತೆಗೆದಿರಬೇಕು. ಹೌಸಿಂಗ್, ಕ್ಯಾಮ್ ರಿಂಗ್, ರೋಟರ್, ಪ್ರೆಶರ್ ಪ್ಲೇಟ್‌ಗಳ ಯಾವ ಮುಖ ಪುಲ್ಲಿಯ ಕಡೆಗಿತ್ತು ಎಂದು ಮಾರ್ಕರಿನಿಂದ ಗುರುತು ಹಾಕಿರಬೇಕು. ಸೆಂಟರ್ ಪಂಚ್ ಹೊಡೆದು ಗುರುತು ಮಾಡುವುದು ಬೇಡ.
2. ಬೆಂಚು ಒರೆಸಿ, ಹೊಸ ಕಾಗದ ಹಾಸಿ. ಪಕ್ಕದಲ್ಲಿ ಗ್ರೈಂಡರ್ ಓಡುತ್ತಿದ್ದರೆ ಅದು ನಿಲ್ಲುವವರೆಗೆ ಪಂಪ್ ಮುಟ್ಟಬೇಡಿ.
3. ಲೋಹದ ಭಾಗಗಳನ್ನು ತೊಳೆದು, ಕಂಪ್ರೆಸರ್ ಗಾಳಿಯಿಂದ ಎಲ್ಲ ತೂತುಗಳನ್ನೂ ಊದಿ. ಗಾಳಿ ಹಿಡಿಯುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು.
4. ಕ್ಯಾಮ್ ರಿಂಗಿನ ಒಳಮೈಯಲ್ಲಿ ಉಗುರಿಗೆ ತಾಗುವಷ್ಟು ಗೆರೆ ಇದ್ದರೆ ರಿಂಗ್, ರೋಟರ್, ವೇನ್ ಮೂರನ್ನೂ ಸೆಟ್ಟಾಗಿಯೇ ಬದಲಿಸಿ. ಇಲ್ಲವೇ ಪಂಪನ್ನೇ ಬದಲಿಸಿ.
5. ಪ್ರತಿಯೊಂದು ವೇನೂ ರೋಟರಿನ ತನ್ನ ಸೀಳಿನಲ್ಲಿ ಸ್ವಂತ ಭಾರಕ್ಕೇ ಜಾರಬೇಕು. ಫ್ಲೋ ಕಂಟ್ರೋಲ್ ವಾಲ್ವ್ ಕೂಡ ಹಾಗೆಯೇ.

ಜೋಡಿಸುವಾಗ: ಮಾಡಬೇಕಾದ್ದು

6. ಸೀಲ್ ಕಿಟ್ಟಿನಲ್ಲಿ ಬಂದ ಓ-ರಿಂಗ್‌ಗಳನ್ನೆಲ್ಲ ಬಳಸಿ. ಹಳೆಯದು ಚೆನ್ನಾಗಿ ಕಂಡರೂ ಅದರ ಜಾಗ ಕಸದ ಡಬ್ಬ.
7. ರಬ್ಬರ್, ಶಾಫ್ಟ್, ರೋಟರ್, ವೇನ್ ಎಲ್ಲಕ್ಕೂ ಆ ಗಾಡಿಗೆ ಹಾಕುವ ಸ್ಟೇರಿಂಗ್ ಆಯಿಲ್ಲನ್ನೇ ಸವರಿ. ಒಣ ಪಂಪ್ ಕಟ್ಟಕೂಡದು.
8. ಆಯಿಲ್ ಸೀಲಿನ ಸ್ಪ್ರಿಂಗ್ ಇರುವ ತುಟಿ ಆಯಿಲ್ ಇರುವ ಒಳಗಡೆಗೆ ಬರಬೇಕು. ಶಾಫ್ಟಿನ ಹಲ್ಲುಗಳ ಮೇಲೆ ತೆಳು ಟೇಪ್ ಸುತ್ತಿ ಸೀಲ್ ದಾಟಿಸಿ. ಆಮೇಲೆ ಟೇಪ್ ತೆಗೆಯುವುದನ್ನು ಮರೆಯಬೇಡಿ.
9. ವೇನಿನ ದುಂಡಗಿನ ಅಂಚು ಹೊರಗೆ, ಕ್ಯಾಮ್ ರಿಂಗಿನ ಕಡೆಗೆ. ಒಂದೇ ಒಂದು ವೇನ್ ತಿರುಗಿ ಕೂತರೂ ಪಂಪ್ ಸದ್ದು ಮಾಡುತ್ತದೆ, ರಿಂಗನ್ನು ಕೆರೆಯುತ್ತದೆ.
10. ಡೋವೆಲ್ ಪಿನ್ನುಗಳು ಕೂತ ಮೇಲಷ್ಟೇ ಪ್ಲೇಟ್ ಒತ್ತಿ. ಕ್ಯಾಮ್ ರಿಂಗ್ ಮಗುಚಿಬಿದ್ದರೆ ಆಯಿಲ್ ಎಳೆಯುವ, ದೂಡುವ ಕಿಂಡಿಗಳು ಹೊಂದುವುದಿಲ್ಲ, ಪ್ರೆಶರ್ ಬರುವುದಿಲ್ಲ.
11. ಕವರ್ ಬೋಲ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ, ಟಾರ್ಕ್ ರೆಂಚಿನಿಂದ ಬಿಗಿಯಿರಿ. ಅಳತೆ ಆ ಗಾಡಿಯ ಮ್ಯಾನುಯಲ್ಲಿನಲ್ಲಿ ಇರುವುದೇ, ಕೈಯಂದಾಜು ನಡೆಯದು. ಸರ್ಕ್ಲಿಪ್ ಇರುವ ಪಂಪಿನಲ್ಲಿ ಅದು ತನ್ನ ತೋಡಿನಲ್ಲಿ ಸುತ್ತಲೂ ಪೂರ್ತಿ ಕೂತಿದೆಯೇ ನೋಡಿ.
12. ಕೊನೆಗೆ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಎಲ್ಲಿಯಾದರೂ ಹಿಡಿದುಕೊಂಡರೆ ಮತ್ತೆ ಬಿಚ್ಚಿ.

ಜೋಡಿಸುವಾಗ: ಮಾಡಬಾರದ್ದು

13. ವೇಸ್ಟ್ ಬಟ್ಟೆಯಲ್ಲಿ ಒಳಭಾಗ ಒರೆಸಬಾರದು. ಅದರ ನೂಲು ವಾಲ್ವಿನ ಸಣ್ಣ ತೂತನ್ನು ಮುಚ್ಚುತ್ತದೆ.
14. ರೋಟರ್, ಪ್ಲೇಟ್, ವಾಲ್ವ್‌ಗಳಿಗೆ ಎಮರಿ ಕಾಗದ ತಾಗಿಸಬಾರದು.
15. ಓ-ರಿಂಗ್ ಇರುವ ಕಡೆ ಗ್ಯಾಸ್ಕೆಟ್ ಪೇಸ್ಟ್ ಬಳಿಯಬಾರದು. ಹಿಂಡಿ ಒಳಗೆ ಹೋದ ಪೇಸ್ಟ್ ಆಯಿಲ್ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ.
16. ರಬ್ಬರ್ ಭಾಗಗಳನ್ನು ಪೆಟ್ರೋಲಿನಲ್ಲಿ, ಸೀಮೆಎಣ್ಣೆಯಲ್ಲಿ ಅದ್ದಬಾರದು.
17. ವಾಲ್ವಿನ ಒಳಗಿರುವ ರಿಲೀಫ್ ಭಾಗವನ್ನು ಬಿಚ್ಚಬಾರದು. ಸ್ಟೇರಿಂಗ್ ಹಗುರಾಗಲಿ ಎಂದು ಸ್ಪ್ರಿಂಗಿನ ಹಿಂದೆ ವಾಷರ್ ತುರುಕುವುದು ಕಟ್ಟುನಿಟ್ಟಾಗಿ ನಿಷಿದ್ಧ: ಮಿತಿಮೀರಿದ ಒತ್ತಡಕ್ಕೆ ಹೋಸ್ ಒಡೆಯುತ್ತದೆ, ಬಿಸಿ ಸೈಲೆನ್ಸರಿನ ಮೇಲೆ ಚಿಮ್ಮಿದ ಆಯಿಲ್ ಹೊತ್ತಿಕೊಳ್ಳಬಹುದು.
18. ಪುಲ್ಲಿಗೆ ಸುತ್ತಿಗೆ ಏಟು ಬೇಡ. ಏಟು ನೇರ ಶಾಫ್ಟಿಗೂ ಪ್ಲೇಟಿಗೂ ಹೋಗುತ್ತದೆ. ಒತ್ತಿ ಕೂರಿಸುವ ಪುಲ್ಲಿಗೆ ಅದರದೇ ಸ್ಕ್ರೂ ಟೂಲ್ ಇದೆ, ತೆಗೆಯಲು ಪುಲ್ಲರ್ ಇದೆ.

ಗಾಡಿಗೆ ಕೂರಿಸುವಾಗ

19. ಆಯಿಲ್ ಯಾವುದೆಂದು ಗಾಡಿಯ ಸ್ಟೇರಿಂಗ್ ಆಯಿಲ್ ಡಬ್ಬದ ಮುಚ್ಚಳ ಅಥವಾ ಮ್ಯಾನುಯಲ್ ನೋಡಿ ಹಾಕಿ. ಕೆಲವಕ್ಕೆ ಡೆಕ್ಸ್ರಾನ್ ದರ್ಜೆಯ ಎಟಿಎಫ್, ಕೆಲವಕ್ಕೆ ಕಂಪನಿಯದೇ ಬೇರೆ ಆಯಿಲ್. ಬಣ್ಣ ನೋಡಿ ತೀರ್ಮಾನಿಸಬೇಡಿ, ಎರಡನ್ನು ಬೆರೆಸಬೇಡಿ. ಬ್ರೇಕ್ ಆಯಿಲ್ ಒಂದು ತೊಟ್ಟೂ ಬೀಳಕೂಡದು. ಇಲ್ಲಿನ ಸೀಲುಗಳನ್ನು ಅದು ಕೆಡಿಸುತ್ತದೆ.
20. ಹಳೆಯ ಪಂಪ್ ಲೋಹದ ಪುಡಿ ಬಿಟ್ಟಿದ್ದರೆ ಡಬ್ಬ, ಹೋಸ್, ಸ್ಟೇರಿಂಗ್ ಬಾಕ್ಸ್ ಎಲ್ಲ ಫ್ಲಶ್ ಮಾಡಿ. ಇಲ್ಲದಿದ್ದರೆ ಅದೇ ಪುಡಿ ಹೊಸ ಸೆಟ್ಟನ್ನೂ ತಿನ್ನುತ್ತದೆ.
21. ಬ್ಯಾಂಜೋ ಬೋಲ್ಟಿಗೆ ಹೊಸ ವಾಷರ್, ಫಿಟ್ಟಿಂಗಿನ ಎರಡೂ ಕಡೆ. ಆಯಿಲ್ ಎಳೆಯುವ ಹೋಸಿನ ಕ್ಲಾಂಪ್ ಸಡಿಲವಾಗಿದ್ದರೆ ಆಯಿಲ್ ಸೋರದೆಯೂ ಗಾಳಿ ಒಳಗೆ ಬರುತ್ತದೆ.
22. ಆಯಿಲ್ ಕುಡಿದ ಬೆಲ್ಟನ್ನು ಒರೆಸಿ ಹಾಕಬೇಡಿ, ಬದಲಿಸಿ.

ಗಾಳಿ ತೆಗೆಯುವಾಗ

23. ಮುಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಕ್ಕೆ ಅಡ್ಡ ಕೊಡಿ. ಬರೀ ಜಾಕಿನ ನಂಬಿಕೆ ಬೇಡ.
24. ಇಂಜಿನ್ ಆಫ್ ಇಟ್ಟುಕೊಂಡೇ ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ನಿಧಾನವಾಗಿ ತಿರುಗಿಸಿ. ಆಯಿಲ್ ಮಟ್ಟ ಇಳಿದಂತೆ ತುಂಬಿಸಿ. ಗುಳ್ಳೆ ನಿಂತ ಮೇಲಷ್ಟೇ ಇಂಜಿನ್ ಸ್ಟಾರ್ಟ್.
25. ತುದಿಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ರಿಲೀಫ್ ವಾಲ್ವ್ ತೆರೆದು ಆಯಿಲ್ ಅಲ್ಲೇ ಸುತ್ತಿ ವಿಪರೀತ ಕಾಯುತ್ತದೆ.
26. ಆಯಿಲ್ ಹಾಲಿನಂತೆ ಬೆಳ್ಳಗಾದರೆ, ಪಂಪ್ ಗುಂಯ್‌ಗುಡುತ್ತಿದ್ದರೆ ಒಳಗೆ ಗಾಳಿ ಇದೆ. ಇಂಜಿನ್ ನಿಲ್ಲಿಸಿ, ನೊರೆ ಇಳಿಯಲು ಬಿಟ್ಟು, ಮತ್ತೆ ಮೊದಲಿನಿಂದ ಮಾಡಿ.
27. ಇಂಜಿನ್ ಓಡುವಾಗ ಸೋರಿಕೆ ಹುಡುಕಲು ಬೆರಳು ಸವರಬಾರದು, ರಟ್ಟು ಹಿಡಿಯಿರಿ. ಒತ್ತಡದ ಆಯಿಲ್ ಚರ್ಮ ತೂರಿ ಒಳಹೋದರೆ, ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆ.

ಗಾಡಿ ಬಿಡುವ ಮುನ್ನ

ಟ್ರಯಲ್ ಓಡಿಸಿ ಬಂದು ಆಯಿಲ್ ಮಟ್ಟ, ಜಾಯಿಂಟು, ಬೆಲ್ಟು ಮತ್ತೊಮ್ಮೆ ನೋಡಿ. ಪಂಪ್ ಕೈಕೊಟ್ಟರೆ ಸ್ಟೇರಿಂಗ್ ಪೂರ್ತಿ ನಿಲ್ಲುವುದಿಲ್ಲ, ಒಮ್ಮೆಲೇ ಕಲ್ಲಿನಷ್ಟು ಭಾರವಾಗುತ್ತದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ತುಂಬಿದ ಗಾಡಿಗೆ ಹಾಗಾದರೆ ಡ್ರೈವರಿಗೆ ಯೋಚಿಸಲು ಸಮಯ ಸಿಗದು. ಆದ್ದರಿಂದ ಸದ್ದಿರುವ ಪಂಪಿಗೆ "ಓಡ್ತಾ ಓಡ್ತಾ ಸರಿಹೋಗುತ್ತೆ ಸಾರ್" ಎಂದು ಹೇಳಿ ಯಾರೂ ಕೀ ಕೊಡಕೂಡದು. ಕಟ್ಟಿದವರೇ ಟ್ರಯಲ್ ಓಡಿಸಿ, ಜಾಬ್ ಕಾರ್ಡಿನಲ್ಲಿ ಸಹಿ ಹಾಕಬೇಕು.