ಬೃಂದಾವನದ ಬಿಲ್ಲೆಯಲ್ಲಿ ವೇಣುಗೋಪಾಲ

ಉತ್ಥಾನ ದ್ವಾದಶಿ ಸಮೀಪಿಸಿತೆಂದರೆ ತುಳಸೀ ಬೃಂದಾವನವನ್ನು ತೊಳೆದು, ಸುಣ್ಣ-ಕೆಮ್ಮಣ್ಣು ಬಳಿದು ಅಣಿಗೊಳಿಸುವುದು ನಮ್ಮ ಮನೆಗಳ ಪದ್ಧತಿ. ಈ ಸಂದರ್ಭದಲ್ಲಿ ಮದ್ದೂರಿನ ಆಸ್ತಿಕ ಗೃಹಸ್ಥರೊಬ್ಬರು ನಮ್ಮಲ್ಲಿ ಸಂದೇಹವೊಂದನ್ನು ನಿವೇದಿಸಿದರು. ಅವರ ಬೃಂದಾವನದ ಮುಂಭಾಗದಲ್ಲಿ 6 ಅಂಗುಲ ಚೌಕದ ಪಿಂಗಾಣಿ ಬಿಲ್ಲೆಯೊಂದಿದೆ; ಅದರಲ್ಲಿ ವೇಣುಗೋಪಾಲನ ಉಬ್ಬುಚಿತ್ರ. ಹಳೆಯ ಮನೆಯನ್ನು ಕೆಡವಬೇಕಾಗಿದೆ. ಹಳೆಯ ಸಾಮಾನಿನ ವ್ಯಾಪಾರಿಗಳು ಬಿಲ್ಲೆಗೆ ಒಳ್ಳೆಯ ಬೆಲೆ ಹೇಳಿದ್ದಾರೆ. "ಮಾರಿದರೆ ದೇವರನ್ನೇ ಮಾರಿದಂತಾಗದೆ, ಸ್ವಾಮಿ?" ಎಂಬುದು ಅವರ ಪ್ರಶ್ನೆ.

ಮೊದಲು ಬಿಲ್ಲೆಯ ಪೂರ್ವವೃತ್ತಾಂತ. ಇಂಗ್ಲೆಂಡಿನಲ್ಲಿ 19ನೆಯ ಶತಮಾನದಲ್ಲಿ ಪ್ರಸಿದ್ಧವಾದ 'ಮಜೋಲಿಕಾ' ಬಿಲ್ಲೆಗಳನ್ನು ಅನುಸರಿಸಿ ಜಪಾನಿನ ಕಾರ್ಖಾನೆಗಳು 20ನೆಯ ಶತಮಾನದ ಆರಂಭದಲ್ಲಿ ಇಂಥವನ್ನು ತಯಾರಿಸತೊಡಗಿದವು. ಮಣ್ಣನ್ನು ಅಚ್ಚಿನಲ್ಲಿ ಒತ್ತಿ, ಬಣ್ಣದ ಮೆರುಗು ಕೊಟ್ಟು ಸುಡುತ್ತಿದ್ದರು. ಒಂದು ಬಣ್ಣ ಇನ್ನೊಂದಕ್ಕೆ ಹರಿಯದಂತೆ ಉಬ್ಬುಗೆರೆಗಳೇ ಕಟ್ಟೆಯಾಗಿ ತಡೆಯುತ್ತಿದ್ದವು. ಎರಡು ಮಹಾಯುದ್ಧಗಳ ನಡುವಣ ವರ್ಷಗಳಲ್ಲಿ ಭಾರತದ ಗಿರಾಕಿಗಳಿಗೆಂದೇ ಲಕ್ಷ್ಮಿ, ಸರಸ್ವತಿ, ಕೃಷ್ಣರ ಬಿಲ್ಲೆಗಳು ಹಡಗೇರಿ ಬಂದವು. ಇವುಗಳಲ್ಲಿ ಅನೇಕಕ್ಕೆ ಮಾತೃಕೆ ರಾಜಾ ರವಿವರ್ಮರ ಮುದ್ರಿತ ಪಟಗಳು. (ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯವು ಅನಂತರ ಮಳವಲಿಗೆ ಹೋಯಿತು, ಅದು ಲೋಣಾವಳದ ಸಮೀಪದ ಊರು, ನಮ್ಮ ಮಳವಳ್ಳಿಯಲ್ಲ!)

ಅನ್ಯದೇಶೀಯರು ಮಾಡಿದರೆಂಬುದು ಇಲ್ಲಿ ದೊಡ್ಡ ವಿಷಯವಲ್ಲ. ಶ್ರೀಮದ್ಭಾಗವತದ ಏಕಾದಶ ಸ್ಕಂಧದ 27ನೆಯ ಅಧ್ಯಾಯದಲ್ಲಿ ಶಿಲೆ, ಮರ, ಲೋಹ, ಲೇಪ್ಯ, ಲೇಖ್ಯ, ಮರಳು, ಮನಸ್ಸು, ಮಣಿ ಎಂದು ಪ್ರತಿಮೆಗಳು 8 ಬಗೆ. ಮಣ್ಣಿನಿಂದಾಗಿ ಬಣ್ಣ ತಾಳಿದ ಬಿಲ್ಲೆಯು ಲೇಪ್ಯ-ಲೇಖ್ಯಗಳೆರಡಕ್ಕೂ ಸಮೀಪ. ಅಂಥವಕ್ಕೆ ಅಭಿಷೇಕವಿಲ್ಲ, ಒರೆಸುವುದಷ್ಟೇ ಎಂದು ಅಲ್ಲಿಯೇ ವಿಧಿಸಲಾಗಿದೆ. ಆದಕಾರಣ ಬೃಂದಾವನಕ್ಕೆ ಕೊಡ ನೀರು ಸುರಿದರೂ ಬಿಲ್ಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಇನ್ನು ಮೂಲ ಪ್ರಶ್ನೆ. ಶ್ರೀಮದಾಚಾರ್ಯರು ಉಪದೇಶಿಸಿದ ಪಂಚಭೇದಗಳಲ್ಲಿ ಜಡಕ್ಕೂ ಈಶ್ವರನಿಗೂ ಇರುವ ಭೇದವೂ ಒಂದು. ಪ್ರತಿಮೆಯೇ ಹರಿಯೆಂದು ತಿಳಿಯಲಾಗದು. ಪ್ರತಿಮೆಯಲ್ಲಿ ಹರಿಯಿದ್ದಾನೆಂದು ತಿಳಿಯಬೇಕು. ಹಾಗಿರುವಾಗ ದೇವರನ್ನು ಮಾರುವುದು ಯಾರಿಂದಲೂ ಶಕ್ಯವಲ್ಲ. ಪ್ರಾಣಪ್ರತಿಷ್ಠೆಯಿಲ್ಲದ ಈ ಬಿಲ್ಲೆಗೆ ನಿತ್ಯನೈವೇದ್ಯದ ನಿರ್ಬಂಧವೂ ಇಲ್ಲ. ಇಷ್ಟಾದರೂ ಮಾರಾಟವನ್ನು ನಾವು ಅನುಮೋದಿಸಲಿಲ್ಲ. ಕೊಂಡವನು ಅದನ್ನು ಹೋಟೆಲಿನ ಕೈತೊಳೆಯುವ ಗೋಡೆಗೆ ಕೂರಿಸಿದರೆ ತಡೆಯುವವರಾರು? ಉಗುಳುವವರಿಗೆ ಅಂಜಿಕೆಯಾಗಲೆಂದು ಬೀದಿಗೋಡೆಗಳಲ್ಲಿ ದೇವರ ಬಿಲ್ಲೆ ಅಂಟಿಸುವುದನ್ನು ಪಟ್ಟಣಗಳಲ್ಲಿ ಕಾಣುತ್ತೇವೆ. ಪರಮಾತ್ಮನನ್ನು ಕಾವಲಿಗೆ ನಿಲ್ಲಿಸುವ ಆ ಜಾಣತನ ನಮಗೆ ಸರಿದೋರದು.

ಗಾರೆಯನ್ನು ನೆನೆಸಿ, ಅಂಚಿನಿಂದ ಮೆಲ್ಲನೆ ಬಿಡಿಸಿ, ಹೊಸ ಬೃಂದಾವನದಲ್ಲಿ ಕಾಲು ತಾಗದ ಎತ್ತರದಲ್ಲಿ ಕೂರಿಸಿರೆಂದು ಹೇಳಿದೆವು. ಒಡೆದುಹೋದರೆ ಶಿಂಷೆಗೆ ಹಾಕುವುದು ಬೇಡ. ಹಸಿಮಣ್ಣಿನ ಗಣಪನಂತೆ ಅದು ನೀರಿನಲ್ಲಿ ಕರಗದು, ಸ್ನಾನ ಮಾಡುವವರ ಕಾಲಿಗೆ ತಗುಲೀತು. ಚೂರುಗಳನ್ನು ಬೃಂದಾವನದ ಅಡಿಪಾಯದಲ್ಲಿಯೇ ಹೂಳಬಹುದು.