ಟಾಟಾ ಸೋದರರ ವಸ್ತುದಾನ

ಯಶವಂತಪುರದ ಕಡೆಗೆ ಹೋಗಿಬರುವವರೆಲ್ಲರೂ ಟಾಟಾ ಇನ್‌ಸ್ಟಿಟ್ಯೂಟಿನ ಮರಗಳ ಸಾಲನ್ನು ಕಂಡಿರುವರಷ್ಟೆ. ಭಾರತೀಯ ವಿಜ್ಞಾನ ಸಂಸ್ಥೆಯೆಂಬುದು ಅದರ ನಿಜವಾದ ಹೆಸರಾದರೂ ಜನರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ. ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ ನಮ್ಮ ಬಾಲಕಿಯರನ್ನು ಅಲ್ಲಿಗೆ ಕರೆದೊಯ್ದಿದ್ದೆವು. ಮುಖ್ಯ ಕಟ್ಟಡದ ಮುಂದಿರುವ ಜಮ್‌ಶೆಟ್‌ಜಿ ಟಾಟಾರವರ ಪ್ರತಿಮೆಯನ್ನು ನೋಡಿ ಒಬ್ಬಳು, "ಇಷ್ಟೆಲ್ಲ ಕೊಟ್ಟುಬಿಟ್ಟರೆ ಇವರ ಮಕ್ಕಳಿಗೆ ಏನುಳಿಯಿತು, ಮೇಡಂ?" ಎಂದು ಕೇಳಿದಳು. ಅಂದು ನಾವು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಅದನ್ನು ಇಲ್ಲಿ ಪೂರ್ಣಮಾಡುವೆವು.

ಜಮ್‌ಶೆಟ್‌ಜಿಯವರು 1839ರಲ್ಲಿ ಗುಜರಾತಿನ ನವಸಾರಿಯಲ್ಲಿ ಪಾರಸಿ ಪುರೋಹಿತರ ವಂಶದಲ್ಲಿ ಜನಿಸಿದರು. ಅವರ ಐಶ್ವರ್ಯ ಬೆಳೆದದ್ದು ವ್ಯಾಪಾರದಿಂದಲೂ ಬಟ್ಟೆಯ ಗಿರಣಿಗಳಿಂದಲೂ; ಆದಕಾರಣ ಕೂಲಿಗಾರರ ಬೆವರೂ ಅದರಲ್ಲಿ ಸೇರಿದೆಯೆಂಬುದನ್ನು ನಾವು ಮರೆಯಲಾಗದು. 1898ರಲ್ಲಿ ವಿಜ್ಞಾನ ಸಂಸ್ಥೆಗಾಗಿ ಸುಮಾರು 30 ಲಕ್ಷ ರೂಪಾಯಿ ಬೆಲೆಯ ಸ್ವತ್ತನ್ನು ಕೊಡುವೆನೆಂದರು. ಸರ್ಕಾರವು ವರ್ಷಗಟ್ಟಲೆ ತಡಮಾಡಿತು. 1904ರಲ್ಲಿ ಅವರು ಕಾಲವಾದರು. ಆಗ ಅವರ ಮಕ್ಕಳಾದ ದೊರಾಬ್‌ಜಿ, ರತನ್ ಇಬ್ಬರೂ ಮನಸ್ಸು ಮಾಡಿದ್ದರೆ ಆ ಸ್ವತ್ತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಾಗಿತ್ತು. ತೆಗೆದುಕೊಳ್ಳಲಿಲ್ಲ. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ಕೊಟ್ಟಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಅಡಿಗಲ್ಲನ್ನಿಟ್ಟರು. ತಂದೆಯ ಮಾತು ಹೀಗೆ ಮಕ್ಕಳಿಂದ ನೆರವೇರಿತು.

ಕಿರಿಯರಾದ ಸರ್ ರತನ್ ಟಾಟಾರವರದು ಕಲೆಯಲ್ಲಿ ಆಸಕ್ತವಾದ ಮನಸ್ಸು. (ನಮ್ಮ ಕಾಲದ, 2024ರಲ್ಲಿ ತೀರಿಕೊಂಡ ರತನ್ ಟಾಟಾರವರು ಬೇರೆ, ಅವರ ತಂದೆ ನವಲ್ ಟಾಟಾರನ್ನು ಸರ್ ರತನರ ಪತ್ನಿ ನವಾಜ್‌ಬಾಯಿಯವರು ದತ್ತು ತೆಗೆದುಕೊಂಡಿದ್ದರು.) ಯೂರೋಪಿನ ತೈಲಚಿತ್ರಗಳು, ಚೀನ ಜಪಾನುಗಳ ಪಿಂಗಾಣಿ, ಹಸಿರುಕಲ್ಲಿನ ಕೆತ್ತನೆಗಳು ಇವೆಲ್ಲವನ್ನೂ ಅಕ್ಕರೆಯಿಂದ ಕೂಡಿಸಿದರು. ಪ್ರಾಚೀನ ಪಾಟಲಿಪುತ್ರವನ್ನು ಅಗೆದು ನೋಡುವ ಕಾರ್ಯಕ್ಕೆ ವರ್ಷಕ್ಕೆ 20,000 ರೂಪಾಯಿ ಕೊಡಲು ಒಪ್ಪಿದರು. ಆ ಹಣದಿಂದ ಸ್ಪೂನರ್ ಸಾಹೇಬರು 1913ರಿಂದ ಪಟ್ನಾದ ಕುಮ್ರಹಾರದಲ್ಲಿ ಅಗೆಸಿ, ಮೌರ್ಯರ ಕಾಲದ ಕಂಬಗಳ ಮಹಾಸಭಾಂಗಣದ ಕುರುಹುಗಳನ್ನು ಹೊರತೆಗೆದರು. ಚರಿತ್ರೆಯ ಪಾಠದಲ್ಲಿ ಅಶೋಕನನ್ನು ಓದುವಾಗ ಈ ದಾನವನ್ನೂ ನೆನೆಯುವುದು ಉಚಿತ. ಸರ್ ರತನರು 1918ರಲ್ಲಿ, 47ನೆಯ ವಯಸ್ಸಿನಲ್ಲೇ ತೀರಿಕೊಂಡರು. ಅವರ ಸಂಗ್ರಹವು ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿಗೆ ಸೇರಿತು. 1922ರಲ್ಲಿ ಜನರಿಗೆ ತೆರೆದ ಆ ಸಂಗ್ರಹಾಲಯಕ್ಕೆ ಈಗ ಛತ್ರಪತಿ ಶಿವಾಜಿ ಮಹಾರಾಜರ ಹೆಸರಿದೆ.

ಇನ್ನು ಹಿರಿಯರಾದ ಸರ್ ದೊರಾಬ್‌ಜಿಯವರ ಮನೆತುಂಬಿದವರು ನಮ್ಮ ಸೀಮೆಯಲ್ಲಿ ಬೆಳೆದ ಹೆಣ್ಣುಮಗಳು. ಮೆಹರ್‌ಬಾಯಿಯವರ ತಂದೆ ಎಚ್. ಜೆ. ಭಾಭಾರವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. 1898ರಲ್ಲಿ ವಿವಾಹವಾಯಿತು. ಈಕೆ ಸೀರೆಯುಟ್ಟೇ ಟೆನ್ನಿಸ್ ಆಡಿ ಬಹುಮಾನಗಳನ್ನು ಗೆದ್ದರು. ಬಾಲ್ಯವಿವಾಹವನ್ನು ತಡೆಯುವ 1929ರ ಶಾರದಾ ಕಾಯಿದೆಗಾಗಿ ದುಡಿದರು. ಹದಿನಾಲ್ಕು ತುಂಬದ ಹುಡುಗಿಯ ಮದುವೆಯನ್ನು ಆ ಕಾಯಿದೆ ನಿಷೇಧಿಸಿತು. ನಮ್ಮಂಥ ಶಾಲೆಗಳ ಮೇಲಿನ ತರಗತಿಗಳು ತುಂಬುವುದಕ್ಕೆ ಅದೂ ಒಂದು ಕಾರಣವೆಂದು ನಾವು ಎಣಿಸುವೆವು.

ಮೆಹರ್‌ಬಾಯಿಯವರ ಬಳಿ 245 ಕ್ಯಾರಟ್ಟಿನ ಜ್ಯೂಬಿಲಿ ವಜ್ರವಿತ್ತು. 1924ರಲ್ಲಿ ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಗೆ ಸಂಬಳ ಕೊಡಲೂ ಹಣವಿಲ್ಲದಂತಾದಾಗ ದಂಪತಿಗಳು ತಮ್ಮ ಸ್ವಂತ ಆಸ್ತಿಯೊಡನೆ ಅದನ್ನೂ ಬ್ಯಾಂಕಿನಲ್ಲಿ ಒತ್ತೆಯಿಟ್ಟರು. ಒಡವೆಯ ಪೆಟ್ಟಿಗೆಯನ್ನು ಕಾಯುವುದೇ ಗೃಹಿಣೀಧರ್ಮವೆಂದು ತಿಳಿದಿರುವ ತಾಯಂದಿರು ಈ ಸಂಗತಿಯನ್ನು ಮತ್ತೊಮ್ಮೆ ಓದಬೇಕು.

1931ರಲ್ಲಿ ರಕ್ತದ ಕ್ಯಾನ್ಸರಿನಿಂದ ಆಕೆ ತೀರಿಕೊಂಡರು. ಮಕ್ಕಳಿರಲಿಲ್ಲ. ಆ ರೋಗದ ಸಂಶೋಧನೆಗಾಗಿ ದೊರಾಬ್‌ಜಿಯವರು ಪತ್ನಿಯ ಹೆಸರಿನಲ್ಲಿ ನಿಧಿಯೊಂದನ್ನು ಸ್ಥಾಪಿಸಿ, ಉಳಿದ ಆಸ್ತಿಯನ್ನೆಲ್ಲ ಬಹುಮಟ್ಟಿಗೆ ಧರ್ಮನಿಧಿಗೆ ಬರೆದುಕೊಟ್ಟರು. 1932ರ ಜೂನ್ ತಿಂಗಳಲ್ಲಿ, ಇಂಗ್ಲೆಂಡಿನಲ್ಲಿದ್ದ ಆಕೆಯ ಸಮಾಧಿಯನ್ನು ನೋಡಲು ಹೊರಟವರು ದಾರಿಯಲ್ಲಿ ಜರ್ಮನಿಯಲ್ಲಿ ಕಾಲವಾದರು. ಮರುವರ್ಷ ಅವರ ಕಲಾಸಂಗ್ರಹವೂ ತಮ್ಮನ ಸಂಗ್ರಹವಿದ್ದ ಮ್ಯೂಸಿಯಮ್ಮನ್ನೇ ಸೇರಿತು.

ಮೆಹರ್‌ಬಾಯಿಯವರ ಸೋದರನ ಮಗ ಹೋಮಿ ಭಾಭಾ 1939ರಲ್ಲಿ ಯುದ್ಧದ ಕಾರಣ ಇಂಗ್ಲೆಂಡಿಗೆ ಹಿಂತಿರುಗಲಾರದೆ ನಮ್ಮೂರಿನ ಸಂಸ್ಥೆಯಲ್ಲೇ ಕೆಲಸಕ್ಕೆ ನಿಂತರು. 1945ರಲ್ಲಿ ದೊರಾಬ್‌ಜಿಯವರ ಧರ್ಮನಿಧಿಯ ನೆರವಿನಿಂದ ಅವರು ಮೂಲವಿಜ್ಞಾನದ ಸಂಶೋಧನಾಲಯವನ್ನು ತೆರೆದರು. ಅದರ ಮೊದಲ ಕೆಲಸ ನಡೆದದ್ದು ಅದೇ ಮರಗಳ ಸಾಲಿನ ಹಿಂದೆ.