ತಲಾಂತು ಎಂಬ ಮಾತಿನ ವಿಚಾರ

ದೇಶಾಂತರಕ್ಕೆ ಹೊರಟ ಯಜಮಾನನು ತನ್ನ ಮೂವರು ಆಳುಗಳಿಗೆ ಐದು, ಎರಡು, ಒಂದು ಎಂಬಂತೆ ತಲಾಂತುಗಳನ್ನು ಒಪ್ಪಿಸಿದ ಸಾಮ್ಯವನ್ನು ಪ್ರಿಯ ವಾಚಕರು ಮತ್ತಾಯನ ಸುವಾರ್ತೆಯ ೨೫ನೇ ಅಧ್ಯಾಯದಲ್ಲಿ ಓದಿ ಬಲ್ಲಿರಿ. ತಲಾಂತು ಎಂಬದು ಕನ್ನಡದ ಮಾತಲ್ಲ, ಗ್ರೀಕ್ ಭಾಷೆಯದು. ಇದೇ ಮಾತು ಇಂಗ್ಲಿಷಿನಲ್ಲಿ ಟ್ಯಾಲೆಂಟ್ ಎಂದಾಗಿ, ಈಗ ಹುಟ್ಟಿನಿಂದ ಬಂದ ಜಾಣ್ಮೆ ಎಂಬ ಅರ್ಥವುಳ್ಳದ್ದಾಗಿದೆ. "ನನಗೆ ಹಾಡಲು ಬಾರದು, ಮಾತಾಡಲು ಬಾರದು, ದೇವರು ನನಗೆ ತಲಾಂತು ಕೊಡಲಿಲ್ಲ" ಎಂದು ಹೇಳಿ ಸಭೆಯ ಕೆಲಸದಿಂದ ಹಿಂದೆ ಸರಿಯುವವರು ನಮ್ಮಲ್ಲಿ ಉಂಟಷ್ಟೆ. ಅವರು ಅರಿಯದೆ ಈ ಇಂಗ್ಲಿಷ್ ಅರ್ಥವನ್ನು ಸಾಮ್ಯದೊಳಗೆ ತುಂಬಿ ಓದುತ್ತಾರೆ. ಆದಕಾರಣ ಈ ಮಾತು ನಡೆದು ಬಂದ ದಾರಿಯನ್ನು ವಿಚಾರಿಸೋಣ.

ಗ್ರೀಕರ ತಾಲಾಂತೊನ್ ಎಂಬದಕ್ಕೆ ಮೊದಲಿನ ಅರ್ಥವು ತಕ್ಕಡಿ. ಎತ್ತುವದು, ಹೊರುವದು ಎಂಬ ಅರ್ಥದ ಬಹು ಪುರಾತನವಾದ ಧಾತುವಿನಿಂದ ಅದು ಹುಟ್ಟಿತು. ಸಂಸ್ಕೃತದ ತುಲಾ ಎಂಬದೂ ಅದೇ ಧಾತುವಿನದು. ನಮ್ಮ ಹಿರಿಯರು ಚಿನ್ನವನ್ನು ತೂಗಿಸಿದ ತೊಲವು ಆ ತುಲಾದ ಮನೆತನದ್ದು. ಹೀಗೆ ಈ ಪರದೇಶದ ಮಾತು ನಮಗೆ ದೂರದ ನೆಂಟನೇ ಸರಿ. ತಕ್ಕಡಿಯ ಹೆಸರು ಅದರಲ್ಲಿ ಇಟ್ಟ ತೂಕಕ್ಕೆ ಬಂತು; ತೂಕದ ಹೆಸರು ಅಷ್ಟು ತೂಕದ ಬೆಳ್ಳಿಗೆ ಬಂತು. ಅಥೇನೆ ಪಟ್ಟಣದ ತಲಾಂತು ಸುಮಾರು ೨೬ ಕಿಲೋಗ್ರಾಂ ತೂಗುತ್ತಿತ್ತು. ಇಬ್ರಿಯರ ತಲಾಂತಿಗೆ ೩,೦೦೦ ಶೆಕೆಲ್. ವಿಮೋಚನಕಾಂಡದ ೩೮ನೇ ಅಧ್ಯಾಯದಲ್ಲಿ ೬,೦೩,೫೫೦ ಗಂಡಸರು ತಲೆಗೆ ಅರ್ಧ ಶೆಕೆಲಿನಂತೆ ಕೊಟ್ಟ ಬೆಳ್ಳಿಯು ೧೦೦ ತಲಾಂತು ಮತ್ತು ೧,೭೭೫ ಶೆಕೆಲ್ ಆಯಿತೆಂದು ಬರೆದದೆ. ಲೆಕ್ಕ ಬಲ್ಲವರು ಮಾಡಿ ನೋಡಬಹುದು.

ಹಣದ ಲೆಕ್ಕದಲ್ಲಿ ಒಂದು ತಲಾಂತಿಗೆ ೬,೦೦೦ ದಿನಾರಿ ನಾಣ್ಯಗಳು. ಇದೇ ಸುವಾರ್ತೆಯ ೨೦ನೇ ಅಧ್ಯಾಯದಲ್ಲಿ ದ್ರಾಕ್ಷೇತೋಟದ ಕೂಲಿಯವನಿಗೆ ದಿನಕ್ಕೆ ಒಂದು ದಿನಾರಿಯಷ್ಟೆ. ವಾರಕ್ಕೆ ಆರು ದಿನ ದುಡಿದರೂ ಒಂದು ತಲಾಂತಿಗೆ ೧,೦೦೦ ವಾರಗಳು ಬೇಕು, ಅಂದರೆ ೧೯ ವರುಷಗಳಿಗೂ ಹೆಚ್ಚು. ಒಂದೇ ತಲಾಂತು ಹೊಂದಿದವನನ್ನು ಬಡಪಾಯಿ ಎಂದು ಎಣಿಸಿ ಕನಿಕರಪಡುವವರು ಇದನ್ನು ಮರೆಯಬಾರದು. ಅಷ್ಟು ಹಣವನ್ನು ಅವನು ಮಣ್ಣಿನಲ್ಲಿ ಹೂಳಿಟ್ಟನು!

ಸಾವಿರ ವರುಷಗಳಿಗೂ ಹಿಂದೆ ಹಳೆಯ ಇಂಗ್ಲಿಷಿಗೆ ಬಂದಾಗ ಈ ಮಾತಿಗೆ ತೂಕದ ಹಣ ಎಂಬ ಅರ್ಥ ಮಾತ್ರವೇ ಇತ್ತು. ಮಧ್ಯಕಾಲದ ಲ್ಯಾಟಿನ್ ಮತ್ತು ಫ್ರೆಂಚ್ ಭಾಷೆಗಳಲ್ಲಿಯಾದರೋ ಅದು ಬೇರೊಂದು ದಾರಿ ಹಿಡಿಯಿತು. ತಕ್ಕಡಿಯ ತಟ್ಟೆ ಒಂದು ಕಡೆಗೆ ವಾಲುವಂತೆ ಮನಸ್ಸೂ ವಾಲುತ್ತದಲ್ಲವೇ? ಹೀಗೆ ಒಲವು, ಇಚ್ಛೆ ಎಂಬ ಅರ್ಥ ಹುಟ್ಟಿ, ೧೩ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷಿಗೂ ಬಂತು. ಅದು ಬಹುಕಾಲ ನಿಲ್ಲಲಿಲ್ಲ. ೧೫ನೇ ಶತಮಾನದಲ್ಲಿ ಮೂರನೆಯ ಅರ್ಥವು ಕಾಣಿಸಿತು: ದೇವರು ಒಬ್ಬೊಬ್ಬನಿಗೆ ಬಳಸುವದಕ್ಕಾಗಿ ಒಪ್ಪಿಸಿದ ಬುದ್ಧಿಶಕ್ತಿ. ಇದು ಸಾಮ್ಯದಿಂದಲೇ ಹುಟ್ಟಿದ ಅರ್ಥ. ಟಿಂಡೇಲನು ೧೫೨೬ರಲ್ಲಿ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿನಲ್ಲಿ ಅಚ್ಚುಹಾಕಿಸುವ ಹೊತ್ತಿಗೆ ಹಣವೂ ಶಕ್ತಿಯೂ ಒಂದೇ ಮಾತಿನೊಳಗೆ ಇದ್ದವು. ೧೬೧೧ರ ಭಾಷಾಂತರದಲ್ಲಿಯೂ ಆ ಮಾತೇ ಉಳಿಯಿತು. ಅನಂತರ ಜನರು ಒಪ್ಪಿಸಿದಾತನನ್ನು ಬಿಟ್ಟು ಶಕ್ತಿಯನ್ನು ಮಾತ್ರ ಹಿಡಿದುಕೊಂಡರು. ಈಗ ಸಿನಿಮಾದವರಿಗೂ ಅದು ಬೇಕಾದ ಮಾತು.

ಈ ಗಲಿಬಿಲಿಯನ್ನು ತಪ್ಪಿಸುವಂತೆ ೨೦೧೧ರಲ್ಲಿ ತಿದ್ದಲ್ಪಟ್ಟ ನ್ಯೂ ಇಂಟರ್‌ನ್ಯಾಷನಲ್ ವರ್ಶನ್ ಎಂಬ ಇಂಗ್ಲಿಷ್ ಸತ್ಯವೇದದಲ್ಲಿ ಚಿನ್ನದ ಚೀಲಗಳು ಎಂದು ಹಾಕಿದ್ದಾರೆ. ಓದುವವನಿಗೆ ಇದು ಥಟ್ಟನೆ ತಿಳಿಯುವದು ನಿಜ. ಆದರೆ ೧೮ನೇ ವಚನದ ಗ್ರೀಕ್ ಮಾತು ಬೆಳ್ಳಿ ಎಂಬದೇ. ಚಿನ್ನವಾದರೆ ಸ್ವಲ್ಪ ಹೆಚ್ಚಾಯಿತೆಂದು ನಮಗೆ ತೋರುತ್ತದೆ.

ಇನ್ನು ೧೫ನೇ ವಚನವನ್ನು ನಿಧಾನವಾಗಿ ಓದಿರಿ. ಯಜಮಾನನು ಅವರವರ ಸಾಮರ್ಥ್ಯವನ್ನು ನೋಡಿ ತಲಾಂತುಗಳನ್ನು ಕೊಟ್ಟನು. ಹಾಗಾದರೆ ಸಾಮರ್ಥ್ಯವು ಮೊದಲೇ ಅವರಲ್ಲಿತ್ತು, ತಲಾಂತು ಬೇರೆ. ಅದು ಯಜಮಾನನ ಆಸ್ತಿ, ಆಳಿನ ಜಾಣ್ಮೆಯಲ್ಲ. ಮೂರನೆಯವನು ಲೆಕ್ಕ ಒಪ್ಪಿಸುವಾಗ "ನನಗೆ ವ್ಯಾಪಾರ ಬಾರದು" ಎಂದು ಹೇಳಲೇ ಇಲ್ಲ, ಹೆದರಿದೆನೆಂದು ಹೇಳಿದನು. ಯಜಮಾನನ ಉತ್ತರವನ್ನೂ ನೋಡಿರಿ. ಐದು ತಲಾಂತಿನವನಂತೆ ನೀನು ಯಾಕೆ ವ್ಯಾಪಾರ ಮಾಡಲಿಲ್ಲವೆಂದು ಆತನು ಕೇಳಲಿಲ್ಲ. ಆ ಹಣವನ್ನು ಸಾಹುಕಾರರ ಕೈಗೆ ಹಾಕಿದ್ದರೆ ಬಡ್ಡಿಯಾದರೂ ಬರುತ್ತಿತ್ತೆಂದನು. ಸಾಹುಕಾರನ ಅಂಗಡಿಯ ತನಕ ನಡೆದು ಹೋಗುವದಕ್ಕೆ ಟ್ಯಾಲೆಂಟ್ ಏನೂ ಬೇಕಾಗಿರಲಿಲ್ಲ.